ಘನೀಕೃತ ಆಹಾರದ ಹಿಂಪಡೆಯುವಿಕೆ

ಘನೀಕೃತ ಆಹಾರದ ಹಿಂಪಡೆಯುವಿಕೆ ಎಂದರೆ, ಮಾರಾಟಕ್ಕೆ ಬಿಡುಗಡೆಯಾದ ಘನೀಕೃತ ಆಹಾರದಲ್ಲಿ ದೋಷ ಕಂಡುಬಂದಾಗ ಅಥವಾ ದೋಷವಿದೆಯೆಂದು ನಂಬಲು ಕಾರಣವಿದ್ದಾಗ ಅದನ್ನು ಗೋದಾಮು, ಅಂಗಡಿ ಹಾಗೂ ಗ್ರಾಹಕರ ಮನೆಗಳಿಂದ ಮರಳಿ ಪಡೆಯುವ ಕ್ರಮ. ಲೋಹದ ಚೂರು, ಗಾಜು, ಪ್ಲಾಸ್ಟಿಕ್, ಕಲ್ಲು, ಮೂಳೆ ಮೊದಲಾದ ಅನ್ಯವಸ್ತುಗಳು ಸೇರಿರುವುದು ಇಂತಹ ಹಿಂಪಡೆಯುವಿಕೆಗೆ ಇರುವ ಪ್ರಮುಖ ಕಾರಣಗಳಲ್ಲಿ ಒಂದು. ಭಾರತದಲ್ಲಿ ಈ ಕ್ರಮಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 28ನೇ ಕಲಂ ಹಾಗೂ ಅದರ ಅಡಿಯಲ್ಲಿ 2017ರಲ್ಲಿ ಹೊರಡಿಸಲಾದ ಆಹಾರ ಹಿಂಪಡೆಯುವಿಕೆ ವಿಧಾನದ ನಿಯಮಾವಳಿ ಆಧಾರವಾಗಿವೆ. ಹಿಂಪಡೆಯುವಿಕೆಯ ಯಶಸ್ಸು ಮುಖ್ಯವಾಗಿ ಒಂದು ಅಂಶವನ್ನು ಅವಲಂಬಿಸಿದೆ: ಯಾವ ಬ್ಯಾಚಿನ ಆಹಾರ ಯಾರ ಕೈಗೆ ಹೋಯಿತು ಎಂಬುದರ ದಾಖಲೆ ತಯಾರಕನಿಂದ ಕೊನೆಯ ಅಂಗಡಿಯವರೆಗೆ ಕಡಿಯದೆ ಉಳಿದಿರಬೇಕು.

## ಪರಿಭಾಷೆ

ಆಹಾರವನ್ನು ಶೀಘ್ರವಾಗಿ ತಂಪುಗೊಳಿಸಿ ಅದರೊಳಗಿನ ನೀರನ್ನು ಹರಳುಗಟ್ಟಿಸಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಸಂಗ್ರಹಿಸಿದರೆ ಅದನ್ನು ಘನೀಕೃತ ಆಹಾರ ಎನ್ನಲಾಗುತ್ತದೆ. ಆಡುಮಾತಿನಲ್ಲಿ ಇದು ಫ್ರೋಜನ್ ಫುಡ್ ಎಂದೇ ಪರಿಚಿತ. ಹಸಿ ಬಟಾಣಿ, ಸಿಹಿ ಮೆಕ್ಕೆಜೋಳ, ಆಲೂಗಡ್ಡೆಯ ತಿನಿಸುಗಳು, ಪರೋಟ, ಸಮೋಸ, ಮಾಂಸ ಮತ್ತು ಮೀನಿನ ಉತ್ಪನ್ನಗಳು ಈ ಗುಂಪಿಗೆ ಸೇರುತ್ತವೆ. ಐಸ್‌ಕ್ರೀಮ್‌ಗೆ ಪ್ರತ್ಯೇಕ ಮಾನದಂಡಗಳಿದ್ದರೂ ಸಂಗ್ರಹ ಮತ್ತು ಸಾಗಣೆಯ ದೃಷ್ಟಿಯಿಂದ ಅದೂ ಇದೇ ಶೀತಲ ಸರಪಳಿಯ ಭಾಗ. ಶೀಘ್ರ ಘನೀಕರಣದ ವಾಣಿಜ್ಯ ವಿಧಾನವನ್ನು 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಬಳಕೆಗೆ ತಂದನು.

ಅನ್ಯವಸ್ತು ಎಂಬ ಪದ ಸಾಮಾನ್ಯ ಬಳಕೆಯಲ್ಲಿ ಆಹಾರದಲ್ಲಿ ಇರಬಾರದ ಯಾವುದೇ ಘನವಸ್ತುವನ್ನು ಸೂಚಿಸುತ್ತದೆ. 2006ರ ಕಾಯ್ದೆಯಲ್ಲಿ ಇದರ ಅರ್ಥ ಇನ್ನೂ ಕಿರಿದು. ಕಚ್ಚಾವಸ್ತು, ಪೊಟ್ಟಣ ಅಥವಾ ತಯಾರಿಕಾ ಯಂತ್ರಗಳಿಂದ ಆಹಾರಕ್ಕೆ ಸೇರಿದ, ಆದರೆ ಆಹಾರವನ್ನು ಅಸುರಕ್ಷಿತವಾಗಿಸದ ವಸ್ತುವನ್ನು ಮಾತ್ರ ಕಾಯ್ದೆ ಅನ್ಯವಸ್ತು ಎಂದು ಗುರುತಿಸುತ್ತದೆ. ಬಟಾಣಿಯ ಪೊಟ್ಟಣದಲ್ಲಿ ಸೇರಿಕೊಂಡ ಬಳ್ಳಿಯ ಎಳೆ ಇಂತಹದು. ಅದೇ ಪೊಟ್ಟಣದಲ್ಲಿ ಗಾಜಿನ ಚೂರು ಇದ್ದರೆ, ಅದು ಆರೋಗ್ಯಕ್ಕೆ ಹಾನಿಕರವಾದುದರಿಂದ, ಆಹಾರವು ಅಸುರಕ್ಷಿತ ಆಹಾರದ ವರ್ಗಕ್ಕೆ ಹೋಗುತ್ತದೆ. ಈ ಎರಡು ವರ್ಗಗಳಿಗೆ ಕಾಯ್ದೆಯಲ್ಲಿ ಬೇರೆ ಬೇರೆ ದಂಡನೆಗಳಿವೆ.

## ಘನೀಕೃತ ಆಹಾರದ ವಿಶೇಷ ಸಮಸ್ಯೆ

ಕೆಟ್ಟುಹೋದ ಆಹಾರವನ್ನು ವಾಸನೆ, ಬಣ್ಣ ಅಥವಾ ರುಚಿಯಿಂದ ಹಲವು ಬಾರಿ ಗುರುತಿಸಬಹುದು. ರೋಗಾಣುಗಳಲ್ಲಿ ಬಹುಪಾಲು ಸರಿಯಾಗಿ ಬೇಯಿಸಿದಾಗ ನಾಶವಾಗುತ್ತವೆ. ಲೋಹದ ಚೂರಿಗೆ ಈ ಎರಡೂ ಅನ್ವಯಿಸುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ಎಷ್ಟು ಬೇಯಿಸಿದರೂ ಅದು ಕರಗುವುದಿಲ್ಲ. ಆಹಾರದ ತುಂಡುಗಳು ಮಂಜಿನ ಪದರದಿಂದ ಮುಚ್ಚಿರುವುದರಿಂದ ಅಥವಾ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅಡುಗೆಗೆ ಮುನ್ನ ಕಣ್ಣಿಗೆ ಬೀಳುವ ಸಾಧ್ಯತೆಯೂ ಕಡಿಮೆ. ಅಕ್ಕಿ, ಬೇಳೆಗಳನ್ನು ಮೊರದಲ್ಲಿ ಕೇರಿ ಹರಳು ಆರಿಸುವ ಮನೆಯ ಪದ್ಧತಿ ಪೊಟ್ಟಣದಿಂದ ನೇರವಾಗಿ ಎಣ್ಣೆಗೆ ಬೀಳುವ ತಿನಿಸಿಗೆ ಒದಗುವುದಿಲ್ಲ.

ಇನ್ನೊಂದು ಸಮಸ್ಯೆ ಕಾಲಾವಧಿಗೆ ಸಂಬಂಧಿಸಿದ್ದು. ಹಾಲು, ಬ್ರೆಡ್ಡುಗಳಲ್ಲಿ ದೋಷ ಬಯಲಾಗುವ ಹೊತ್ತಿಗೆ ಆ ದಿನದ ಸರಕು ಬಹುಮಟ್ಟಿಗೆ ಬಳಕೆಯಾಗಿರುತ್ತದೆ ಅಥವಾ ಕೆಟ್ಟಿರುತ್ತದೆ. ಘನೀಕೃತ ಆಹಾರ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂಪಡೆಯುವಿಕೆಯ ಪ್ರಕಟಣೆ ಹೊರಟು ಎಲ್ಲರೂ ಅದನ್ನು ಮರೆತ ನಂತರವೂ ಅದೇ ಬ್ಯಾಚಿನ ಪೊಟ್ಟಣ ಮನೆಯೊಂದರ ಫ್ರೀಜರಿನಲ್ಲಿ ಇರಬಹುದು. ಹೊರಗಿನ ಪೆಟ್ಟಿಗೆಯನ್ನು ಎಸೆದು ಒಳಗಿನ ತಿನಿಸನ್ನು ಮಾತ್ರ ಡಬ್ಬಿಯಲ್ಲಿ ತುಂಬಿಟ್ಟಿದ್ದರೆ ಬ್ಯಾಚ್ ಸಂಖ್ಯೆಯನ್ನು ತಿಳಿಯುವ ದಾರಿಯೇ ಇಲ್ಲವಾಗುತ್ತದೆ.

## ಅನ್ಯವಸ್ತುಗಳ ಮೂಲಗಳು

ಅನ್ಯವಸ್ತುಗಳು ಆಹಾರಕ್ಕೆ ಸೇರುವ ಮಾರ್ಗಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

* ಹೊಲ ಮತ್ತು ಕಚ್ಚಾವಸ್ತು: ಕಲ್ಲು, ಮಣ್ಣಿನ ಹೆಂಟೆ, ಕಡ್ಡಿ, ತಂತಿ, ಕೀಟ ಮೊದಲಾದವು ಕೊಯ್ಲಿನೊಂದಿಗೆ ಬರುತ್ತವೆ. ಯಂತ್ರದಿಂದ ಕೊಯ್ಲು ಮಾಡುವಾಗ ನೆಲದ ಮೇಲಿರುವ ವಸ್ತುಗಳೂ ಬೆಳೆಯೊಂದಿಗೆ ಸೇರುತ್ತವೆ. ಮಾಂಸದಲ್ಲಿ ಮೂಳೆಯ ಚೂರುಗಳು ಉಳಿಯಬಹುದು.
* ಯಂತ್ರೋಪಕರಣ: ಕತ್ತರಿಸುವ ಅಲಗಿನ ತುದಿ, ಸಡಿಲಗೊಂಡ ತಿರುಪು, ಜರಡಿಯ ತಂತಿ, ಸವೆದ ಸಾಗಣೆ ಪಟ್ಟಿಯ ರಬ್ಬರ್ ಅಥವಾ ಪ್ಲಾಸ್ಟಿಕ್ ಚೂರುಗಳು. ದುರಸ್ತಿ ಕೆಲಸದ ನಂತರ ಉಳಿದುಹೋಗುವ ವಸ್ತುಗಳೂ ಇದರಲ್ಲಿ ಸೇರುತ್ತವೆ.
* ಕಟ್ಟಡ ಮತ್ತು ಪೊಟ್ಟಣ: ಒಡೆದ ವಿದ್ಯುದ್ದೀಪದ ಗಾಜು, ಉದುರಿದ ಬಣ್ಣ, ಕಚ್ಚಾವಸ್ತು ಬಂದ ಚೀಲದ ಪ್ಲಾಸ್ಟಿಕ್, ದಾರ ಮತ್ತು ಪಿನ್ನುಗಳು.
* ಕೆಲಸಗಾರರು: ಕೂದಲು, ಆಭರಣ, ಗುಂಡಿ, ಕೈಗವಸಿನ ಚೂರು, ಗಾಯಕ್ಕೆ ಹಚ್ಚಿದ ಪಟ್ಟಿ. ಕಾರ್ಖಾನೆಗಳಲ್ಲಿ ನೀಲಿ ಬಣ್ಣದ ಕೈಗವಸು ಮತ್ತು ಗಾಯದ ಪಟ್ಟಿಗಳನ್ನು ಬಳಸುವುದಕ್ಕೆ ಕಾರಣ, ನೀಲಿ ಬಣ್ಣದ ಆಹಾರ ಅಪರೂಪವಾದುದರಿಂದ ಅವು ಬೇಗ ಕಣ್ಣಿಗೆ ಬೀಳುತ್ತವೆ. ಇಂತಹ ಪಟ್ಟಿಗಳಲ್ಲಿ ಲೋಹದ ತೆಳು ಪದರವನ್ನೂ ಸೇರಿಸಿರುತ್ತಾರೆ.

ಕಾರ್ಖಾನೆಯಿಂದ ಹೊರಬಿದ್ದ ನಂತರವೂ ಮಾಲಿನ್ಯ ಸಾಧ್ಯ. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಚಾಕೊಲೇಟ್‌ಗಳಲ್ಲಿ ಹುಳುಗಳು ಕಂಡುಬಂದ ಪ್ರಕರಣದಲ್ಲಿ ದೋಷ ತಯಾರಿಕೆಯದೋ ಅಂಗಡಿಗಳ ದಾಸ್ತಾನಿನದೋ ಎಂಬುದು ವಿವಾದದ ವಿಷಯವಾಗಿತ್ತು. ಆ ನಂತರ ಕಂಪನಿಯು ಚಾಕೊಲೇಟಿನ ಹೊದಿಕೆಯನ್ನೇ ಬದಲಿಸಿ ಇನ್ನಷ್ಟು ಭದ್ರಗೊಳಿಸಿತು.

## ಆರೋಗ್ಯದ ಮೇಲಿನ ಪರಿಣಾಮ

ಗಟ್ಟಿಯಾದ ಅಥವಾ ಚೂಪಾದ ವಸ್ತುಗಳಿಂದ ಹಲ್ಲು ಮುರಿಯುವುದು, ನಾಲಿಗೆ, ಒಸಡು ಮತ್ತು ಗಂಟಲಿನ ಗಾಯ, ಅಪರೂಪವಾಗಿ ಅನ್ನನಾಳ ಅಥವಾ ಕರುಳಿನಲ್ಲಿ ರಂಧ್ರ ಉಂಟಾಗುವುದು ಮುಖ್ಯ ಅಪಾಯಗಳು. ಮೃದುವಾದ ಪ್ಲಾಸ್ಟಿಕ್ ಅಥವಾ ರಬ್ಬರ್ ಚೂರುಗಳು ಚಿಕ್ಕ ಮಕ್ಕಳ ಉಸಿರುಗಟ್ಟಿಸಬಹುದು. ಮಕ್ಕಳು, ವೃದ್ಧರು, ನುಂಗಲು ತೊಂದರೆಯಿರುವವರು ಹೆಚ್ಚಿನ ಅಪಾಯಕ್ಕೆ ಒಳಗಾಗುವ ವರ್ಗಗಳು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಯು ತಿನ್ನಲು ಸಿದ್ಧವಾದ ಆಹಾರದಲ್ಲಿ 7ರಿಂದ 25 ಮಿಲಿಮೀಟರ್ ಉದ್ದದ ಗಟ್ಟಿ ಅಥವಾ ಚೂಪಾದ ವಸ್ತುವನ್ನು ಕ್ರಮ ಕೈಗೊಳ್ಳಬೇಕಾದ ಅಪಾಯವೆಂದು ಪರಿಗಣಿಸುತ್ತದೆ. ಶಿಶುಗಳು, ವೃದ್ಧರು ಮೊದಲಾದ ವಿಶೇಷ ವರ್ಗಗಳಿಗೆ ಉದ್ದೇಶಿಸಿದ ಆಹಾರವಾದರೆ 7 ಮಿಲಿಮೀಟರಿಗಿಂತ ಚಿಕ್ಕ ವಸ್ತುವೂ ಅಪಾಯಕಾರಿಯೆಂದು ಪರಿಗಣಿತವಾಗಬಹುದು.

## ಪತ್ತೆ ಹಚ್ಚುವ ವಿಧಾನಗಳು

ಅನ್ಯವಸ್ತುಗಳನ್ನು ತಡೆಯಲು ಕಾರ್ಖಾನೆಗಳಲ್ಲಿ ಹಲವು ಹಂತಗಳಿರುತ್ತವೆ. ಕಚ್ಚಾವಸ್ತುವಿನ ಹಂತದಲ್ಲಿ ತೊಳೆಯುವುದು, ಜರಡಿ ಹಿಡಿಯುವುದು, ಗಾಳಿಯಿಂದ ಹಗುರ ಕಸವನ್ನು ಬೇರ್ಪಡಿಸುವುದು, ಆಯಸ್ಕಾಂತದಿಂದ ಕಬ್ಬಿಣವನ್ನು ಸೆಳೆಯುವುದು ಮತ್ತು ಬಣ್ಣದ ಆಧಾರದ ಮೇಲೆ ಯಂತ್ರದಿಂದ ಆರಿಸುವುದು ರೂಢಿಯಲ್ಲಿವೆ. ಪೊಟ್ಟಣ ಕಟ್ಟಿದ ನಂತರ ಲೋಹ ಶೋಧಕ ಅಥವಾ ಎಕ್ಸ್‌ರೇ ಯಂತ್ರದ ಮೂಲಕ ಹಾಯಿಸಲಾಗುತ್ತದೆ.

ಲೋಹ ಶೋಧಕವು ವಿದ್ಯುತ್ಕಾಂತೀಯ ಕ್ಷೇತ್ರದಲ್ಲಿ ಆಗುವ ಏರುಪೇರನ್ನು ಗುರುತಿಸುತ್ತದೆ. ಉಪ್ಪು ಮತ್ತು ನೀರಿನ ಅಂಶವಿರುವ ಒದ್ದೆ ಆಹಾರವೂ ವಿದ್ಯುತ್ತನ್ನು ಹರಿಯಬಿಡುವುದರಿಂದ ಶೋಧಕಕ್ಕೆ ಗೊಂದಲವಾಗುತ್ತದೆ. ಪೂರ್ತಿಯಾಗಿ ಘನೀಕರಿಸಿದ ಆಹಾರದಲ್ಲಿ ಈ ತೊಂದರೆ ಕಡಿಮೆ. ಆದರೆ ಅರ್ಧ ಕರಗಿದ ಪೊಟ್ಟಣದಲ್ಲಿ ಅದು ಮತ್ತೆ ತಲೆದೋರುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ, ಆಹಾರ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲ್ ಅನ್ನು ಗುರುತಿಸುವುದು ಕಷ್ಟ. ಅಲ್ಯೂಮಿನಿಯಂ ಹಾಳೆಯ ಪೊಟ್ಟಣಗಳಿಗೆ ಸಾಮಾನ್ಯ ಲೋಹ ಶೋಧಕ ಒಗ್ಗುವುದಿಲ್ಲ.

ಎಕ್ಸ್‌ರೇ ಯಂತ್ರ ಸಾಂದ್ರತೆಯ ವ್ಯತ್ಯಾಸವನ್ನು ಆಧರಿಸಿದೆ. ಲೋಹದ ಜೊತೆಗೆ ಗಾಜು, ಕಲ್ಲು ಮತ್ತು ಗಟ್ಟಿ ಮೂಳೆಯನ್ನೂ ಅದು ತೋರಿಸುತ್ತದೆ. ತೆಳು ಪ್ಲಾಸ್ಟಿಕ್, ಕಾಗದ, ಕೂದಲು ಮತ್ತು ಕೀಟಗಳು ಆಹಾರದಷ್ಟೇ ಸಾಂದ್ರತೆ ಹೊಂದಿರುವುದರಿಂದ ತಪ್ಪಿಸಿಕೊಳ್ಳುತ್ತವೆ. ಎಲ್ಲ ಬಗೆಯ ಅನ್ಯವಸ್ತುಗಳನ್ನೂ ಹಿಡಿಯುವ ಒಂದೇ ಯಂತ್ರವಿಲ್ಲದ ಕಾರಣ, ಅಪಾಯ ಎಲ್ಲಿ ಹುಟ್ಟಬಹುದು ಎಂಬುದನ್ನು ಹಂತಹಂತವಾಗಿ ವಿಶ್ಲೇಷಿಸಿ ಅಲ್ಲಿಯೇ ತಡೆಯುವ ಹ್ಯಾಸಪ್ ಪದ್ಧತಿಗೆ ಮಹತ್ವ ಬಂದಿದೆ. ಈ ಪದ್ಧತಿಯು 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಆಹಾರಕ್ಕಾಗಿ ನಾಸಾ, ಅಮೆರಿಕದ ಸೇನೆಯ ಪ್ರಯೋಗಾಲಯ ಮತ್ತು ಪಿಲ್ಸ್‌ಬರಿ ಕಂಪನಿಗಳ ಸಹಯೋಗದಲ್ಲಿ ರೂಪುಗೊಂಡಿತು.

## ಬ್ಯಾಚ್ ಸಂಖ್ಯೆಯ ಪಾತ್ರ

ಒಂದೇ ಪರಿಸ್ಥಿತಿಯಲ್ಲಿ ತಯಾರಾದ ಆಹಾರದ ಗುಂಪಿಗೆ ಬ್ಯಾಚ್ ಅಥವಾ ಲಾಟ್ ಎನ್ನುತ್ತಾರೆ. ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ತಯಾರಕನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಮುದ್ರಿಸುವುದು ಭಾರತದಲ್ಲಿ ಕಡ್ಡಾಯ. ಹಿಂಪಡೆಯುವಿಕೆಯ ವ್ಯಾಪ್ತಿಯನ್ನು ನಿರ್ಧರಿಸುವುದು ಬ್ಯಾಚ್ ಸಂಖ್ಯೆ.

ಲೋಹ ಶೋಧಕವನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಾ ತುಣುಕುಗಳಿಂದ ಪರಿಶೀಲಿಸಲಾಗುತ್ತದೆ. ಒಂದು ಪರಿಶೀಲನೆಯಲ್ಲಿ ಯಂತ್ರ ವಿಫಲವಾದರೆ, ಹಿಂದಿನ ಯಶಸ್ವಿ ಪರಿಶೀಲನೆಯ ನಂತರ ಹಾದುಹೋದ ಪ್ರತಿಯೊಂದು ಪೊಟ್ಟಣವೂ ಸಂಶಯಾಸ್ಪದವಾಗುತ್ತದೆ. ಉದಾಹರಣೆಗೆ, ಗಂಟೆಗೆ 2,000 ಪೊಟ್ಟಣ ತಯಾರಿಸುವ ಘಟಕದಲ್ಲಿ 2 ಗಂಟೆಗೊಮ್ಮೆ ಪರಿಶೀಲನೆ ನಡೆಯುತ್ತಿದ್ದರೆ 4,000 ಪೊಟ್ಟಣಗಳನ್ನು ತಡೆಹಿಡಿಯಬೇಕಾಗುತ್ತದೆ. ಅದೇ ಘಟಕವು ಇಡೀ ದಿನದ ಉತ್ಪಾದನೆಗೆ ಒಂದೇ ಸಂಖ್ಯೆ ನೀಡಿ ಸಮಯವನ್ನು ನಮೂದಿಸದಿದ್ದರೆ ಇಡೀ ದಿನದ ಸರಕನ್ನೇ ಹಿಂಪಡೆಯದೆ ಗತ್ಯಂತರವಿಲ್ಲ.

2006ರ ಕಾಯ್ದೆಯ 26ನೇ ಕಲಮಿನಲ್ಲಿ ಇದಕ್ಕೆ ಪೂರಕವಾದ ಒಂದು ಮಹತ್ವದ ನಿಯಮವಿದೆ. ಒಂದು ಬ್ಯಾಚಿನ ಆಹಾರದ ಒಂದು ಭಾಗ ಅಸುರಕ್ಷಿತವೆಂದು ಕಂಡುಬಂದರೆ ಆ ಬ್ಯಾಚಿನ ಎಲ್ಲ ಆಹಾರವನ್ನೂ ಅಸುರಕ್ಷಿತವೆಂದೇ ಭಾವಿಸಬೇಕು. ವಿವರವಾದ ಪರಿಶೀಲನೆಯಲ್ಲಿ ಉಳಿದ ಭಾಗ ಅಸುರಕ್ಷಿತವೆನ್ನಲು ಆಧಾರವಿಲ್ಲವೆಂದು ತಿಳಿದುಬಂದಾಗ ಮಾತ್ರ ಅದಕ್ಕೆ ವಿನಾಯಿತಿ.

## ಭಾರತದ ಕಾನೂನು

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯು ಮಾದರಿ ಸಂಗ್ರಹ, ವಿಶ್ಲೇಷಣೆ ಮತ್ತು ದಂಡನೆಗೆ ಪ್ರಾಧಾನ್ಯ ನೀಡಿತ್ತು. ಅದರ ಸ್ಥಾನದಲ್ಲಿ ಬಂದ 2006ರ ಕಾಯ್ದೆಯು 2011ರ ಆಗಸ್ಟ್ 5ರಿಂದ ನಿಯಮಗಳೊಂದಿಗೆ ಪೂರ್ಣವಾಗಿ ಜಾರಿಗೆ ಬಂದಿತು. ಹೊಸ ಕಾಯ್ದೆಯ 28ನೇ ಕಲಮಿನ ಪ್ರಕಾರ, ತಾನು ತಯಾರಿಸಿದ, ಸಂಸ್ಕರಿಸಿದ ಅಥವಾ ವಿತರಿಸಿದ ಆಹಾರ ಕಾಯ್ದೆಗೆ ಅನುಗುಣವಾಗಿಲ್ಲವೆಂದು ನಂಬಲು ಕಾರಣವಿರುವ ಉದ್ದಿಮೆದಾರನು ಕೂಡಲೇ ಅದನ್ನು ಮಾರುಕಟ್ಟೆಯಿಂದಲೂ ಗ್ರಾಹಕರಿಂದಲೂ ಹಿಂಪಡೆಯಬೇಕು, ಕಾರಣವನ್ನು ತಿಳಿಸಬೇಕು ಮತ್ತು ಸಂಬಂಧಿಸಿದ ಅಧಿಕಾರಿಗಳಿಗೆ ಮಾಹಿತಿ ನೀಡಬೇಕು. ಪ್ರಯೋಗಾಲಯದ ಅಂತಿಮ ವರದಿ ಬರುವವರೆಗೆ ಕಾಯಬೇಕೆಂದು ಈ ಕಲಂ ಹೇಳುವುದಿಲ್ಲ. ನಂಬಲು ಕಾರಣವಿದ್ದರೆ ಸಾಕು.

2017ರ ನಿಯಮಾವಳಿಯು ಈ ಕರ್ತವ್ಯಕ್ಕೆ ವಿಧಾನವನ್ನು ಒದಗಿಸಿತು. ತಯಾರಕರು, ಆಮದುದಾರರು ಮತ್ತು ಸಗಟು ಪೂರೈಕೆದಾರರು ಲಿಖಿತ ಹಿಂಪಡೆಯುವಿಕೆ ಯೋಜನೆಯನ್ನು ಹೊಂದಿರಬೇಕು. ಚಿಲ್ಲರೆ ವ್ಯಾಪಾರಿಗಳಿಗೆ, ಅವರೇ ತಯಾರಕರು ಅಥವಾ ಆಮದುದಾರರಲ್ಲದಿದ್ದರೆ, ಈ ಯೋಜನೆ ಕಡ್ಡಾಯವಲ್ಲ. ಹಿಂಪಡೆಯುವಿಕೆಯ ಬಗ್ಗೆ 24 ಗಂಟೆಗಳೊಳಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು.

ದಂಡನೆಗಳು ಹೀಗಿವೆ:

* ಅನ್ಯವಸ್ತುವಿರುವ ಆಹಾರವನ್ನು ತಯಾರಿಸಿದರೆ, ಸಂಗ್ರಹಿಸಿದರೆ ಅಥವಾ ಮಾರಿದರೆ 1 ಲಕ್ಷ ರೂಪಾಯಿಯವರೆಗೆ ದಂಡ (54ನೇ ಕಲಂ).
* ಅಸುರಕ್ಷಿತ ಆಹಾರದಿಂದ ಯಾರಿಗೂ ಹಾನಿಯಾಗದಿದ್ದರೂ ಕಾರಾಗೃಹ ಶಿಕ್ಷೆ ಮತ್ತು ದಂಡ (59ನೇ ಕಲಂ). 2023ರ ಜನ ವಿಶ್ವಾಸ ತಿದ್ದುಪಡಿಯ ನಂತರ ಇದು 3 ತಿಂಗಳವರೆಗಿನ ಸೆರೆವಾಸ ಮತ್ತು 3 ಲಕ್ಷ ರೂಪಾಯಿಯವರೆಗಿನ ದಂಡವಾಗಿದೆ.
* ತೀವ್ರ ಗಾಯವಾದರೆ 6 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ. ಸಾವು ಸಂಭವಿಸಿದರೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ಕನಿಷ್ಠ 10 ಲಕ್ಷ ರೂಪಾಯಿ ದಂಡ.
* ಇವುಗಳ ಜೊತೆಗೆ ಗ್ರಾಹಕನಿಗೆ ಪರಿಹಾರ (65ನೇ ಕಲಂ): ಸಾವಿಗೆ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 3 ಲಕ್ಷದವರೆಗೆ, ಇತರ ಗಾಯಗಳಿಗೆ 1 ಲಕ್ಷದವರೆಗೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಅಪಾಯಕಾರಿ ಸರಕುಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ನೀಡಿದೆ.

## ಪ್ರಕ್ರಿಯೆ

ಹಿಂಪಡೆಯುವಿಕೆ ಸಾಮಾನ್ಯವಾಗಿ ಗ್ರಾಹಕರ ದೂರು, ಕಾರ್ಖಾನೆಯ ಆಂತರಿಕ ತಪಾಸಣೆ ಅಥವಾ ಅಧಿಕಾರಿಗಳು ಸಂಗ್ರಹಿಸಿದ ಮಾದರಿಯ ವರದಿಯಿಂದ ಆರಂಭವಾಗುತ್ತದೆ. ತಯಾರಕರು ಮೊದಲು ಸಂಶಯಾಸ್ಪದ ಬ್ಯಾಚನ್ನು ಗುರುತಿಸಿ ತಮ್ಮಲ್ಲಿರುವ ದಾಸ್ತಾನನ್ನು ತಡೆಹಿಡಿಯುತ್ತಾರೆ. ಬಳಿಕ ವಿತರಣಾ ದಾಖಲೆಗಳ ಆಧಾರದ ಮೇಲೆ ಆ ಬ್ಯಾಚನ್ನು ಪಡೆದ ಪ್ರತಿಯೊಬ್ಬ ವಿತರಕನಿಗೂ ಸೂಚನೆ ಹೋಗುತ್ತದೆ. ವಿತರಕರು ತಮ್ಮಿಂದ ಸರಕು ಕೊಂಡ ಅಂಗಡಿಗಳಿಗೆ ತಿಳಿಸುತ್ತಾರೆ. ಸರಕು ಮನೆಗಳನ್ನು ತಲುಪಿದ್ದರೆ ಪತ್ರಿಕೆ ಮತ್ತಿತರ ಮಾಧ್ಯಮಗಳ ಮೂಲಕ ಸಾರ್ವಜನಿಕ ಪ್ರಕಟಣೆ ನೀಡಬೇಕಾಗುತ್ತದೆ. ಉತ್ಪನ್ನದ ಹೆಸರು, ಪೊಟ್ಟಣದ ತೂಕ, ಬ್ಯಾಚ್ ಸಂಖ್ಯೆ, ಹಿಂಪಡೆಯಲು ಕಾರಣ ಮತ್ತು ಗ್ರಾಹಕರು ಏನು ಮಾಡಬೇಕು ಎಂಬ ವಿವರಗಳು ಪ್ರಕಟಣೆಯ ಮುಖ್ಯ ಅಂಶಗಳು.

ಮರಳಿ ಬಂದ ಆಹಾರವನ್ನು ಉಳಿದ ಸರಕಿನಿಂದ ಬೇರ್ಪಡಿಸಿ ಗುರುತು ಹಾಕಿ ಇಡಬೇಕು. ತಯಾರಾದ ಪ್ರಮಾಣ, ಮಾರಾಟವಾದ ಪ್ರಮಾಣ ಮತ್ತು ಮರಳಿ ಬಂದ ಪ್ರಮಾಣಗಳನ್ನು ತಾಳೆ ನೋಡಿ, ಎಷ್ಟು ಪೊಟ್ಟಣಗಳ ಲೆಕ್ಕ ಸಿಕ್ಕಿಲ್ಲ ಎಂಬುದನ್ನು ತಿಳಿಯಲಾಗುತ್ತದೆ. ಈ ಅಂತರವೇ ಹಿಂಪಡೆಯುವಿಕೆಯ ಪರಿಣಾಮವನ್ನು ಅಳೆಯುವ ಮಾಪಕ. ಕೊನೆಯಲ್ಲಿ ಆಹಾರವನ್ನು ನಾಶಪಡಿಸಿ, ದೋಷದ ಮೂಲ ಮತ್ತು ಅದು ಮರುಕಳಿಸದಂತೆ ಕೈಗೊಂಡ ಕ್ರಮಗಳ ವರದಿಯನ್ನು ಸಲ್ಲಿಸಲಾಗುತ್ತದೆ.

## ಪ್ರಮುಖ ಪ್ರಕರಣಗಳು

### ಭಾರತ

2024ರ ಜೂನ್‌ನಲ್ಲಿ ಮುಂಬೈನ ಮಲಾಡ್‌ನಲ್ಲಿ ಗ್ರಾಹಕರೊಬ್ಬರು ಆನ್‌ಲೈನ್ ಮೂಲಕ ತರಿಸಿದ ಯಮ್ಮೊ ಹೆಸರಿನ ಐಸ್‌ಕ್ರೀಮ್ ಕೋನಿನಲ್ಲಿ ಮನುಷ್ಯನ ಬೆರಳಿನ ತುಂಡು ಸಿಕ್ಕಿತು. ಐಸ್‌ಕ್ರೀಮ್ ತಯಾರಾದದ್ದು ಪುಣೆ ಜಿಲ್ಲೆಯ ಇಂದಾಪುರದಲ್ಲಿ, ಬೇರೊಂದು ಸಂಸ್ಥೆಯ ಘಟಕದಲ್ಲಿ. ಡಿಎನ್‌ಎ ಪರೀಕ್ಷೆಯಲ್ಲಿ ಬೆರಳು ಆ ಘಟಕದ ನೌಕರನದೆಂದು ದೃಢಪಟ್ಟಿತೆಂದು ಪೊಲೀಸರು ತಿಳಿಸಿದರು. ಮೇ ತಿಂಗಳಲ್ಲಿ ಯಂತ್ರಕ್ಕೆ ಸಿಲುಕಿ ಆತನ ಬೆರಳು ತುಂಡಾಗಿತ್ತು. ಆಹಾರ ಪ್ರಾಧಿಕಾರವು ತಯಾರಿಕಾ ಘಟಕದ ಪರವಾನಗಿಯನ್ನು ಅಮಾನತುಗೊಳಿಸಿತು. ಬ್ರಾಂಡಿನ ಒಡೆತನದ ಕಂಪನಿಯು ಆ ಘಟಕದಲ್ಲಿ ತಯಾರಿಕೆಯನ್ನು ನಿಲ್ಲಿಸಿ, ಘಟಕ ಮತ್ತು ಗೋದಾಮುಗಳಲ್ಲಿದ್ದ ಉತ್ಪನ್ನವನ್ನು ಪ್ರತ್ಯೇಕಿಸಿರುವುದಾಗಿಯೂ ಮಾರುಕಟ್ಟೆಯಲ್ಲಿ ಅದೇ ಕ್ರಮ ನಡೆಯುತ್ತಿರುವುದಾಗಿಯೂ ಹೇಳಿಕೆ ನೀಡಿತು.

ಈ ಪ್ರಕರಣದಲ್ಲಿ ಅಪಘಾತ ಮತ್ತು ದೂರಿನ ನಡುವೆ ಸುಮಾರು ಒಂದು ತಿಂಗಳು ಕಳೆದಿತ್ತು. ಕಾರ್ಮಿಕನಿಗೆ ಗಾಯವಾದ ಕ್ಷಣದಲ್ಲೇ ಉತ್ಪಾದನೆ ನಿಲ್ಲಿಸಿ ಆ ಅವಧಿಯ ಸರಕನ್ನು ತಡೆಹಿಡಿದಿದ್ದರೆ ಹಿಂಪಡೆಯುವ ಅಗತ್ಯವೇ ಬರುತ್ತಿರಲಿಲ್ಲ. ಕಾರ್ಮಿಕರ ಸುರಕ್ಷತೆ ಮತ್ತು ಆಹಾರದ ಸುರಕ್ಷತೆ ಬೇರೆ ಬೇರೆ ವಿಷಯಗಳಲ್ಲ ಎಂಬುದಕ್ಕೆ ಇದು ನಿದರ್ಶನ.

ದೇಶದ ಅತಿ ದೊಡ್ಡ ಆಹಾರ ಹಿಂಪಡೆಯುವಿಕೆಗಳಲ್ಲಿ ಒಂದಾದ ಮ್ಯಾಗಿ ನೂಡಲ್ಸ್ ಪ್ರಕರಣ (2015) ಅನ್ಯವಸ್ತುವಿಗೆ ಸಂಬಂಧಿಸಿದ್ದಲ್ಲ. ಸೀಸದ ಪ್ರಮಾಣ ಮತ್ತು ಲೇಬಲ್ ಕುರಿತಾದ ಆರೋಪ ಅದಕ್ಕೆ ಕಾರಣವಾಗಿತ್ತು. 2015ರ ಜೂನ್ 5ರಂದು ಪ್ರಾಧಿಕಾರ ಹೊರಡಿಸಿದ ಆದೇಶವನ್ನು ಬಾಂಬೆ ಹೈಕೋರ್ಟ್ ಆಗಸ್ಟ್ 13ರಂದು ರದ್ದುಪಡಿಸಿತು. ಅಷ್ಟರಲ್ಲಿ 30 ಸಾವಿರ ಟನ್ನಿಗೂ ಹೆಚ್ಚು ನೂಡಲ್ಸ್ ಅಂಗಡಿಗಳಿಂದ ಮರಳಿ ಬಂದಿತ್ತು. ಅದನ್ನು ಸಿಮೆಂಟ್ ಕಾರ್ಖಾನೆಗಳಲ್ಲಿ ಸುಡಲಾಯಿತು. ಹಿಂಪಡೆಯುವಿಕೆಯ ವಿಧಾನವನ್ನು ನಿಗದಿಪಡಿಸುವ ನಿಯಮಾವಳಿ ಜಾರಿಗೆ ಬಂದದ್ದು ಈ ಪ್ರಕರಣದ ನಂತರ.

### ಅಮೆರಿಕ

ಅಮೆರಿಕದಲ್ಲಿ ಮಾಂಸ ಮತ್ತು ಕೋಳಿ ಉತ್ಪನ್ನಗಳ ಹಿಂಪಡೆಯುವಿಕೆಯನ್ನು ಕೃಷಿ ಇಲಾಖೆಯೂ ಬಹುತೇಕ ಇತರ ಆಹಾರಗಳದನ್ನು ಆಹಾರ ಮತ್ತು ಔಷಧ ಆಡಳಿತವೂ ನೋಡಿಕೊಳ್ಳುತ್ತವೆ. ಅಪಾಯದ ತೀವ್ರತೆಯನ್ನು ಅನುಸರಿಸಿ ಮೂರು ವರ್ಗಗಳನ್ನು ಮಾಡಲಾಗಿದೆ.

2017ರ ಏಪ್ರಿಲ್‌ನಲ್ಲಿ ಮೆಕೇನ್ ಫುಡ್ಸ್ ಕಂಪನಿಯು ಘನೀಕೃತ ಆಲೂಗಡ್ಡೆಯ ಹ್ಯಾಶ್ ಬ್ರೌನ್‌ಗಳನ್ನು ಹಿಂಪಡೆಯಿತು. ಹೊಲದಲ್ಲಿ ಬಿದ್ದಿದ್ದ ಗಾಲ್ಫ್ ಚೆಂಡುಗಳು ಆಲೂಗಡ್ಡೆಯೊಂದಿಗೆ ಕೊಯ್ಲಾಗಿ, ಕಾರ್ಖಾನೆಯಲ್ಲಿ ಅದರ ಜೊತೆಗೇ ಚೂರಾಗಿದ್ದವು. 2023ರ ನವೆಂಬರ್‌ನಲ್ಲಿ ಟೈಸನ್ ಫುಡ್ಸ್ ಕಂಪನಿಯು ಡೈನೊಸಾರ್ ಆಕಾರದ ಕೋಳಿ ಮಾಂಸದ ನಗೆಟ್‌ಗಳನ್ನು ಹಿಂಪಡೆಯಿತು. ಗ್ರಾಹಕರು ಲೋಹದ ಚಿಕ್ಕ ಚೂರುಗಳ ಬಗ್ಗೆ ದೂರು ನೀಡಿದ್ದರು. ಒಬ್ಬರ ಬಾಯಿಗೆ ಸಣ್ಣ ಗಾಯವಾಗಿತ್ತು. ಸೆಪ್ಟೆಂಬರ್ 5ರಂದು ತಯಾರಾದ ಸುಮಾರು 13.5 ಟನ್ ಉತ್ಪನ್ನ ಇದರ ವ್ಯಾಪ್ತಿಗೆ ಬಂದಿತ್ತು. ತಯಾರಿಕೆಯ ದಿನವನ್ನು ನಿಖರವಾಗಿ ಹೇಳಲು ಸಾಧ್ಯವಾದುದರಿಂದ ಕಂಪನಿಯ ಉಳಿದ ಸರಕನ್ನು ಮುಟ್ಟಬೇಕಾಗಿ ಬರಲಿಲ್ಲ.

ಹೊರದೇಶದ ಭಾರತೀಯ ಕುಟುಂಬಗಳು ಬಳಸುವ ಘನೀಕೃತ ಆಹಾರಗಳೂ ಹಿಂಪಡೆಯುವಿಕೆಗೆ ಒಳಗಾಗಿವೆ. ಉತ್ತರ ಕರ್ನಾಟಕದಲ್ಲಿ ಮಡಿಕೆ ಕಾಳು ಎಂದು ಕರೆಯುವ ಕಾಳಿನ ಮತ್ತು ಹೆಸರು ಕಾಳಿನ ಘನೀಕೃತ ಮೊಳಕೆಗಳನ್ನು 2025ರ ಜುಲೈನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಅಲ್ಲಿ ಕಾರಣವಾದದ್ದು ಸಾಲ್ಮೊನೆಲ್ಲಾ ರೋಗಾಣು.

## ಗ್ರಾಮೀಣ ಮಾರುಕಟ್ಟೆ ಮತ್ತು ಬೆಳಗಾವಿ ಜಿಲ್ಲೆ

ಮೇಲಿನ ಕೆಲವು ಪ್ರಕರಣಗಳಲ್ಲಿ ಸರಕು ದೊಡ್ಡ ನಗರಗಳ ಸಂಘಟಿತ ಮಳಿಗೆಗಳ ಅಥವಾ ಆನ್‌ಲೈನ್ ಮಾರಾಟದ ಮೂಲಕ ಸಾಗಿತ್ತು. ಅಲ್ಲಿ ಗಣಕೀಕೃತ ಬಿಲ್ಲುಗಳಿಂದ ಉತ್ಪನ್ನದ ಜಾಡು ಹಿಡಿಯುವುದು ಸುಲಭ. ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಸರಪಳಿಯ ಸ್ವರೂಪ ಬೇರೆ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಅಂಕಲಗಿಯಂತಹ ಊರಿನ ಅಂಗಡಿಯನ್ನು ಗಮನದಲ್ಲಿಟ್ಟುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತಯಾರಕ, ಜಿಲ್ಲಾ ಮಟ್ಟದ ವಿತರಕ, ತಾಲ್ಲೂಕು ಮಟ್ಟದ ಉಪವಿತರಕ, ಚಿಲ್ಲರೆ ಅಂಗಡಿ ಹೀಗೆ ಕೈಗಳು ಹೆಚ್ಚಿದಂತೆ ಸೂಚನೆ ತಲುಪಬೇಕಾದ ಹಂತಗಳೂ ಹೆಚ್ಚುತ್ತವೆ. ಚಿಲ್ಲರೆ ಅಂಗಡಿಯ ಬಿಲ್ಲಿನಲ್ಲಿ ಉತ್ಪನ್ನದ ಹೆಸರು ಮತ್ತು ಬೆಲೆ ಇದ್ದರೂ ಬ್ಯಾಚ್ ಸಂಖ್ಯೆ ಇರುವುದು ಅಪರೂಪ. ದೊಡ್ಡ ಚೀಲವನ್ನು ಒಡೆದು ಬಟಾಣಿಯನ್ನು ತೂಕದ ಲೆಕ್ಕದಲ್ಲಿ ಬಿಡಿಯಾಗಿ ಮಾರಿದರೆ ಬ್ಯಾಚ್ ಸಂಖ್ಯೆ ಚೀಲದೊಂದಿಗೇ ಕಸಕ್ಕೆ ಹೋಗುತ್ತದೆ.

ಕಾಯ್ದೆಯ 27ನೇ ಕಲಂ ಇಲ್ಲಿ ಅಂಗಡಿಯವನಿಗೆ ನೇರವಾಗಿ ಸಂಬಂಧಿಸುತ್ತದೆ. ತಾನು ಮಾರಿದ ಆಹಾರದ ತಯಾರಕ ಅಥವಾ ವಿತರಕ ಯಾರೆಂದು ಗುರುತಿಸಲಾಗದಿದ್ದರೆ ಮಾರಾಟಗಾರನೇ ಹೊಣೆಗಾರನಾಗುತ್ತಾನೆ. ಹಿಂಪಡೆಯುವಿಕೆ ಯೋಜನೆಯಿಂದ ಚಿಲ್ಲರೆ ವ್ಯಾಪಾರಿಗೆ ವಿನಾಯಿತಿ ಇದ್ದರೂ ಖರೀದಿಯ ಬಿಲ್ಲುಗಳನ್ನು ಕಾಯ್ದಿಡುವುದು ಈ ಕಾರಣದಿಂದ ಅವನ ರಕ್ಷಣೆಗೇ ಒದಗುತ್ತದೆ.

ವಿದ್ಯುತ್ ಕಡಿತ ಇನ್ನೊಂದು ತೊಡಕು. ಕರಗಿ ಮತ್ತೆ ಗಟ್ಟಿಯಾದ ತಿನಿಸುಗಳು ಒಂದೇ ಮುದ್ದೆಯಾಗುವುದರಿಂದ ಅನ್ಯವಸ್ತು ಇನ್ನಷ್ಟು ಮರೆಯಾಗುತ್ತದೆ. ರೋಗಾಣುಗಳ ಬೆಳವಣಿಗೆಗೂ ಅದು ಅವಕಾಶ ನೀಡುತ್ತದೆ. ಬೆಳಗಾವಿ ಗಡಿ ಜಿಲ್ಲೆಯಾದುದರಿಂದ ಮಹಾರಾಷ್ಟ್ರದಲ್ಲಿ ತಯಾರಾದ ಸರಕೂ ಇಲ್ಲಿ ಮಾರಾಟವಾಗುತ್ತದೆ. ಅಂತಹ ಸಂದರ್ಭದಲ್ಲಿ ದೂರು ಕರ್ನಾಟಕದಲ್ಲಿ ದಾಖಲಾದರೂ ಘಟಕದ ತಪಾಸಣೆ ನೆರೆ ರಾಜ್ಯದಲ್ಲಿ ನಡೆಯಬೇಕಾಗುತ್ತದೆ.

ಜಿಲ್ಲಾ ಮಟ್ಟದಲ್ಲಿ ಕಾಯ್ದೆಯ ಜಾರಿ ಅಂಕಿತಾಧಿಕಾರಿಯ ಹೊಣೆ. ಅವರ ಅಧೀನದಲ್ಲಿ ಆಹಾರ ಸುರಕ್ಷತಾಧಿಕಾರಿಗಳು ಮಾದರಿ ಸಂಗ್ರಹಿಸುತ್ತಾರೆ. ಮಾದರಿ ತಲುಪಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ನೀಡಬೇಕು. ವರದಿಯ ವಿರುದ್ಧ ಮೇಲ್ಮನವಿ ಬಂದಾಗ ಮಾದರಿಯನ್ನು ರೆಫರಲ್ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇಂತಹ ಪ್ರಯೋಗಾಲಯಗಳಲ್ಲಿ ಒಂದು. ಸೆರೆವಾಸದ ಶಿಕ್ಷೆಯಿಲ್ಲದ ಪ್ರಕರಣಗಳನ್ನು ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ನ್ಯಾಯನಿರ್ಣಯಾಧಿಕಾರಿ ವಿಚಾರಣೆ ಮಾಡುತ್ತಾರೆ.

## ಗ್ರಾಹಕರ ಪಾತ್ರ

ಅನ್ಯವಸ್ತು ಕಂಡುಬಂದಾಗ ಅದನ್ನೂ ಉಳಿದ ಆಹಾರವನ್ನೂ ಎಸೆಯದೆ ಪೊಟ್ಟಣ ಸಹಿತ ಫ್ರೀಜರಿನಲ್ಲೇ ಉಳಿಸಿಕೊಳ್ಳುವುದು ತನಿಖೆಗೆ ನೆರವಾಗುತ್ತದೆ. ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ ಮತ್ತು ದಿನಾಂಕಗಳು ಕಾಣುವಂತೆ ತೆಗೆದ ಛಾಯಾಚಿತ್ರ ಹಾಗೂ ಖರೀದಿಯ ಬಿಲ್ಲು ಮುಖ್ಯ ಆಧಾರಗಳು. ವಸ್ತುವನ್ನು ತೊಳೆದರೆ ಅಥವಾ ಪೂರ್ತಿಯಾಗಿ ಅಂಗಡಿಯವನಿಗೆ ಮರಳಿಸಿದರೆ ಗ್ರಾಹಕನ ಬಳಿ ಸಾಕ್ಷ್ಯವೇ ಉಳಿಯುವುದಿಲ್ಲ.

ದೂರನ್ನು ಜಿಲ್ಲೆಯ ಅಂಕಿತಾಧಿಕಾರಿಗೆ ಅಥವಾ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ವ್ಯವಸ್ಥೆಯ ಮೂಲಕ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರಿಹಾರಕ್ಕಾಗಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸುವ ಹಕ್ಕು ಗ್ರಾಹಕನಿಗಿದೆ. ಕಾಯ್ದೆಯ 40ನೇ ಕಲಂ ಖರೀದಿದಾರನೇ ಶುಲ್ಕ ತೆತ್ತು ಆಹಾರವನ್ನು ವಿಶ್ಲೇಷಣೆಗೆ ಒಳಪಡಿಸಲು ಅವಕಾಶ ನೀಡುತ್ತದೆ. ಆದರೆ ಆ ಉದ್ದೇಶವನ್ನು ಖರೀದಿಯ ಸಮಯದಲ್ಲೇ ವ್ಯಾಪಾರಿಗೆ ತಿಳಿಸಿರಬೇಕೆಂಬ ಷರತ್ತಿರುವುದರಿಂದ, ಮನೆಯಲ್ಲಿ ಪೊಟ್ಟಣ ಬಿಚ್ಚಿದ ಮೇಲೆ ದೋಷ ಕಂಡವರಿಗೆ ಈ ಕಲಮಿಗಿಂತ ಅಧಿಕಾರಿಗಳಿಗೆ ದೂರು ನೀಡುವ ಮಾರ್ಗವೇ ಹೆಚ್ಚು ಉಪಯುಕ್ತ.

## ಮಿತಿಗಳು

ಹಿಂಪಡೆಯುವಿಕೆ ದೋಷವನ್ನು ತಡೆಯುವ ಕ್ರಮವಲ್ಲ, ಅದು ಹರಡುವುದನ್ನು ನಿಲ್ಲಿಸುವ ಕ್ರಮ. ಮರಳಿ ಬರುವ ಪ್ರಮಾಣ ಎಂದೂ ಪೂರ್ಣವಾಗಿರುವುದಿಲ್ಲ, ಏಕೆಂದರೆ ಒಂದಿಷ್ಟು ಆಹಾರ ಅದಾಗಲೇ ಬಳಕೆಯಾಗಿರುತ್ತದೆ. ಆಂಗ್ಲ ಭಾಷೆಯ ಪ್ರಕಟಣೆ ಸ್ಥಳೀಯ ಭಾಷೆಯನ್ನಷ್ಟೇ ಬಲ್ಲ ಗ್ರಾಹಕರನ್ನು ತಲುಪುವುದಿಲ್ಲ. ಮಾರುಕಟ್ಟೆಯಲ್ಲಿ ಹೆಸರು ಕೆಡುವ ಭಯದಿಂದ ಪ್ರಕಟಣೆ ಹೊರಡಿಸದೆ ವಿತರಕರ ಮೂಲಕ ಸರಕನ್ನು ಸದ್ದಿಲ್ಲದೆ ಹಿಂತೆಗೆದುಕೊಂಡರೆ ಅಂಗಡಿಗಳಲ್ಲಿರುವ ಪೊಟ್ಟಣಗಳು ಮಾತ್ರ ಮರಳುತ್ತವೆ. ಮನೆಗಳಲ್ಲಿರುವವು ಅಲ್ಲಿಯೇ ಉಳಿಯುತ್ತವೆ. ಗ್ರಾಹಕರಿಂದಲೂ ಆಹಾರವನ್ನು ಹಿಂಪಡೆಯಬೇಕೆಂಬ 28ನೇ ಕಲಮಿನ ಉದ್ದೇಶ ಅಂತಹ ಸಂದರ್ಭದಲ್ಲಿ ಈಡೇರುವುದಿಲ್ಲ.